ತೊಳೆದ ಆಕಾಶ

ಭಾನುವಾರ, ಬೆಳಿಗ್ಗೆ

ನನ್ನ ಸಿಡುಕುಮೋರೆಯವನಿಗೆ,

ನಿನ್ನ ಅಕ್ಕ ಫೋನ್ ಕೈಗೆ ಕೊಟ್ಟರೂ ನೀನು ಮಾತಾಡುವುದಿಲ್ಲ. ಕಾಗದವನ್ನಾದರೂ ಓದುತ್ತೀಯೆಂದು ಬರೆಯುತ್ತಿದ್ದೇನೆ. ಲಕ್ವ ಹೊಡೆದದ್ದು ಬಲಗೈಗೆ, ಕಿವಿಗಲ್ಲ. ಕೋಪ ಮಾಡಿಕೊಳ್ಳದೆ ಕೇಳು.

ರಂಗಮಂದಿರದ ಮ್ಯಾನೇಜರ್ ಮನೆಗೆ ಬಂದಿದ್ದರು. ಹೊಸ ನಾಟಕಕ್ಕೆ ಹಿಂದಿನ ಪರದೆ ಬೇಕಂತೆ, ಪೂರ್ತಿ ಆಕಾಶ. ಗಂಡ ಹೆಂಡತಿ ಇಬ್ಬರೂ ಸೇರಿಯೇ ಬರೆದುಕೊಡಬೇಕು ಎಂದರು. ಆಗಲಿ ಎಂದುಬಿಟ್ಟೆ.

ನಿನ್ನ ಉತ್ತರ ನನಗೆ ಗೊತ್ತು. ಆಸ್ಪತ್ರೆಯಿಂದ ಬಂದ ವಾರ ನೀನು ಎಡಗೈಯಲ್ಲಿ ಒಂದು ಮೋಡ ಬರೆದೆ. ಅದು ಒದ್ದೆ ಚಿಂದಿಯ ಹಾಗಿದೆ ಎಂದು ಕುಂಚ ಎಸೆದು, ಮರುದಿನವೇ ಅಕ್ಕನ ಮನೆಗೆ ಹೊರಟುಹೋದೆ. ಕೆಲಸ ಬಿಟ್ಟರೆ ಬಿಡು ಮಾರಾಯ, ನನ್ನನ್ನು ಯಾಕೆ ಬಿಟ್ಟೆ? ನನಗೆ ತುಂಬಾ ನೋವಾಗಿದೆ.

ನಾವು ಬರೆದ ಪರದೆಗಳಲ್ಲಿ ಇವತ್ತು ಒಂದಾದರೂ ಉಳಿದಿದೆಯೇ? ನಾಟಕ ಮುಗಿದ ಮಾರನೇ ದಿನವೇ ತೊಳೆದು, ಅದೇ ಬಟ್ಟೆಗೆ ಮತ್ತೆ ಬಿಳಿ ಬಳಿಯುತ್ತಿದ್ದೆವು. ಅರಮನೆ ಹೋಯಿತು, ಕಾಡು ಹೋಯಿತು, ನಿನಗೆ ಜೀವವಾಗಿದ್ದ ಆ ರೈಲು ನಿಲ್ದಾಣವೂ ಚರಂಡಿಯ ಪಾಲಾಯಿತು. ಮೊದಲ ಸಲ ನಾನು ಅಳುತ್ತಾ ನಿಂತಾಗ, ಹೋಗ್ಲಿ ಬಿಡೇ, ಮಾಡೋವಾಗ ಮಜಾ ಬಂತಲ್ಲ, ಅದನ್ನ ಯಾರಿಗೆ ತೊಳೆಯೋಕಾಗುತ್ತೆ ಅಂದವನು ನೀನೇ ಅಲ್ಲವೇ?

ಮಜಾ ಎಂದರೆ ನನಗೆ ಆ ನೆಲ. ಬಟ್ಟೆ ಹಾಸಿ, ಪೊರಕೆಕೋಲಿಗೆ ಕುಂಚ ಕಟ್ಟಿಕೊಂಡು, ಬರಿಗಾಲಲ್ಲಿ ಆಕಾಶದ ಮೇಲೆಲ್ಲ ಓಡಾಡುತ್ತಿದ್ದೆವು. ನೀನು ಬಣ್ಣಕ್ಕೆ ಬೆರೆಸುವ ಅಂಟು ಕಾಯಿಸುತ್ತಾ ಅಪಸ್ವರದಲ್ಲಿ ಹಾಡುತ್ತಿದ್ದೆ. ಒಣಗದ ನೀಲಿಯ ಮೇಲೆ ನಾನು ಕಾಲಿಟ್ಟರೆ ಚೆನ್ನಾಗಿ ಬೈದು, ಆ ಹೆಜ್ಜೆಯನ್ನೇ ಮೋಡ ಮಾಡುತ್ತಿದ್ದೆ. ಮೊದಲ ಪ್ರದರ್ಶನವನ್ನು ನಾನು ಒಂದು ದಿನವೂ ಮನಸಿಟ್ಟು ನೋಡಿದವಳಲ್ಲ. ಪರದೆ ಮೇಲೇರಿದರೆ ನಮ್ಮ ಕೆಲಸ ಮುಗಿದೇಹೋಯಿತಲ್ಲ ಎಂದು ಬೇಸರವಾಗುತ್ತಿತ್ತು.

ಎಡಗೈಯಲ್ಲೇ ಬರಿ. ಚಿಂದಿ ಮೋಡವಾದರೆ ಚಿಂದಿ ಮೋಡ. ಅಂಟು ಕಾಯಿಸಲು ಒಂದು ಕೈ ಸಾಕು, ಹಾಡಲು ಅದೂ ಬೇಡ. ಬಾ.

ಇನ್ನೂ ನಿನ್ನವಳೇ,
ಗಿಡ್ಡಿ

ಮತ್ತೊಂದು ಮಾತು: ಸುಳ್ಳು ಹೇಳಿ ನಿನ್ನನ್ನು ಕರೆಸಿಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ. ಹೊಸ ನಾಟಕ ಯಾವುದೂ ಇಲ್ಲ. ರಂಗಮಂದಿರ ಕೆಡವುತ್ತಿದ್ದಾರೆ. ಮ್ಯಾನೇಜರ್ ಬಂದದ್ದು ಹಳೇ ಪರದೆಯನ್ನು ನಮಗೆ ಕೊಟ್ಟುಹೋಗಲು. ಅದನ್ನು ಹಜಾರದಲ್ಲಿ ಹಿಡಿಸುವಷ್ಟು ಹಾಸಿ, ಒಬ್ಬಳೇ ಆಕಾಶ ಬರೆದೆ. ಒಂದು ಹೆಜ್ಜೆ ಗುರುತೂ ಇಲ್ಲದೆ, ನೀನು ಮೆಚ್ಚುವಷ್ಟು ಚೆನ್ನಾಗಿ ಬಂತು. ಚೂರೂ ಖುಷಿಯಾಗಲಿಲ್ಲ. ತೊಳೆದು ಒಣಗಲು ಹಾಕಿದ್ದೇನೆ.