ಬಾನೆಟ್ ಮೇಲೆ ಎಳೆಯದ ಗೆರೆ

ಭಾನುವಾರ, ಮಾರ್ಚ್ ೧೫

ಕಾರಿನ ಬಾನೆಟ್ ಮುಚ್ಚುತ್ತಿಲ್ಲ. ಮದುವೆಯಾದಾಗಿನಿಂದ ರಜೆಗಳನ್ನೆಲ್ಲ ಗ್ಯಾರೇಜಿನಲ್ಲೇ ಕಳೆದು, ಮಾವನವರ ಹಳೆಯ ಸ್ಪೋರ್ಟ್ಸ್ ಕಾರಿಗೆ ಎಂಜಿನ್ನಿನ ಬಲ ಹೆಚ್ಚಿಸುವ ಟರ್ಬೊ ನಾವೇ ಕೂರಿಸಿದೆವು. ಮೂಗಿಗೆ ಗ್ರೀಸ್ ಬಳಿದುಕೊಂಡ ನನ್ನ ಗಂಡನಷ್ಟು ಚಂದದವರು ಭೂಮಿಯ ಮೇಲೆ ಇನ್ನೊಬ್ಬರಿಲ್ಲ, ಅದು ಬೇರೆ ಮಾತು. ಇವತ್ತು ನಡುವೆ ಎಷ್ಟು ಜಾಗವಿದೆ ಎಂದು ತಿಳಿಯಲು ಟರ್ಬೊ ಮೇಲೆ ಹಿಟ್ಟಿನ ಉಂಡೆಯಿಟ್ಟು ಬಾನೆಟ್ ಒತ್ತಿ ನೋಡಿದರೆ, ಉಂಡೆ ಕಾಗದದಂತೆ ಚಪ್ಪಟೆಯಾಗಿತ್ತು. ಜಾಗವೇ ಇಲ್ಲ. ಬಾನೆಟ್ ಕೊಯ್ಯಲೇಬೇಕು.

ಅದರ ಕೆಂಪು ಬಣ್ಣ ಮಾವ ತೀರಿಕೊಳ್ಳುವ ಮುಂಚೆ ತಮ್ಮ ಕೈಯಾರೆ ಹೊಡೆದದ್ದು. ಟರ್ಬೊ ಹಾಕಬೇಕೆಂಬ ಆಸೆಯೂ ಅವರದೇ.

"ಎಲ್ಲಿ ಕೊಯ್ಬೇಕು ಅಂತ ನೀನೇ ಗೆರೆ ಎಳಿ, ನನ್ ಕೈಲಾಗಲ್ಲ" ಎಂದು ಇವರು ಸೀಮೆಸುಣ್ಣ ಕೊಟ್ಟರು. ನನ್ನ ಕೈಯೂ ಏಳಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅತ್ತೆ ನಕ್ಕರು. "ನಿಮ್ಮಪ್ಪ ಇದ್ದಿದ್ರೆ ಇಷ್ಟೊತ್ತಿಗೆ ಕೊಯ್ದು, ಕೈ ತೊಳ್ಕೊಂಡು ಊಟಕ್ಕೆ ಕೂತಿರ್ತಿದ್ರು ಕಣೋ."

"ಹಾಗಾದ್ರೆ ಕೊಯ್ಲಾ ಅಮ್ಮಾ?"

ಅತ್ತೆ ಹತ್ತಿರ ಬಂದರು. ಕೈಯಲ್ಲಿದ್ದ ಬಟ್ಟೆಯಿಂದ ಬಾನೆಟ್ಟಿನ ಧೂಳು ಒರೆಸಿದರು. ಒರೆಸಿದ ಜಾಗವನ್ನೇ ಮತ್ತೆ ಒರೆಸಿ ಒಳಗೆ ಹೋದರು.

ಈಗ ರಾತ್ರಿ. ಇವರು ಗೋಡೆಯ ಕಡೆ ತಿರುಗಿ ಮಲಗಿದ್ದಾರೆ, ನಿದ್ದೆ ಬಂದಿಲ್ಲ ಅಂತ ನನಗೆ ಗೊತ್ತು. ತಬ್ಬಿಕೊಂಡರೆ ಸಾಕಾಗುವ ವಿಷಯವಲ್ಲ ಇದು; ನನಗೆ ಬರುವುದು ಅದೊಂದೇ. ಸೀಮೆಸುಣ್ಣ ಇನ್ನೂ ನನ್ನ ಜೇಬಿನಲ್ಲೇ ಇದೆ. ಬೆಳಿಗ್ಗೆ ಅದನ್ನು ಅತ್ತೆಯ ಕೈಗೆ ಕೊಡಲೋ, ಇಲ್ಲಾ ನಾನೇ ಗೆರೆ ಎಳೆದುಬಿಡಲೋ?