ಅಣ್ಣನಿಗೆ ಹೇಳಿಕೊಟ್ಟ ಶಬ್ದ

ಅಕ್ಕಿಆಲೂರು, ೧೪ ಡಿಸೆಂಬರ್ ೧೯೩೮, ಬುಧವಾರ

ಮ್ಯಾಟ್ರಿಕ್ ಪರೀಕ್ಷೆಯ ಅರ್ಜಿ ಇವತ್ತು ಹೋಯಿತು. ಈ ಸಲವೂ ಅಣ್ಣ ಉಳವಪ್ಪನ ಹೆಸರಿನಲ್ಲೇ. ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾದವನು ಅವನು. ಅವನ ಪುಸ್ತಕ ಓದಿಯೇ ನಾನು ಅಷ್ಟೂ ಇಂಗ್ಲಿಷ್ ಶಬ್ದ ಕಲಿತೆ. ಅರ್ಜಿ ತುಂಬುವಾಗ, ಅಣ್ಣನಿಗೆ ಪಾಠ ಹೇಳಲು ಮನೆಗೆ ಬರುವ ಮಾಸ್ತರರೇ ಅಪ್ಪನಿಗೆ ಹೇಳಿದರು: “ಪರಮೇಶ್ವರಪ್ಪನವರ, ಶಿವಬಸವ್ವನ್ನೂ ಪರೀಕ್ಷಾಕ್ಕ ಕೂಡಸ್ರಿ. ಆಕಿ ಪಾಸಾಗ್ತಾಳ.”

ಅಪ್ಪ ನನ್ನ ಕಡೆ ನೋಡಿ ನಕ್ಕ. “ಅಷ್ಟು ಬರತೈತಿ ಅಂದ್ರ ನೀನ ಕಲಸವ್ವ ನಿಮ್ಮಣ್ಣಗ.”

ಸಿಟ್ಟಾಗಿದ್ದರೆ ಎದುರು ಮಾತಾಡಬಹುದಿತ್ತು. ನಕ್ಕವನಿಗೆ ಏನು ಹೇಳುವುದು?

ಸಂಜೆ ಅಣ್ಣ ಪಾಟಿ ಹಿಡಿದು ನನ್ನೆದುರು ಕುಳಿತ. “ರಿಲಕ್ಟಂಟ್ ಅಂದ್ರ ಏನ, ತಂಗಿ?”

ಮನಸ್ಸಿಲ್ಲದೆ ಒಪ್ಪುವವನು ಎಂದು ನನಗೆ ಗೊತ್ತು. “ಖುಷಿಲೆ ಒಪ್ಪಾಂವ,” ಅಂದೆ.

ಅವನು ಅನುಮಾನಪಡಲಿಲ್ಲ. ಹತ್ತು ಸಲ ಬರೆದ, ಕಣ್ಣು ಮುಚ್ಚಿ ಬಾಯಿಪಾಠ ಮಾಡಿದ. “ನೀ ಹೇಳಿದ್ರ ತಲ್ಯಾಗ ಕುಂದರತೈತಿ ನೋಡು,” ಅಂದ.

ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಆದರೂ ಹಾಗೆ ಹೇಳಿದೆ. ಬೆಳಿಗ್ಗೆ ತಿದ್ದಬೇಕು. ಆದರೆ ಅವನು ಪಾಸಾದರೆ ಮಾಸ್ತರರು ಮನೆಗೆ ಬರುವುದು ನಿಲ್ಲುತ್ತದೆ, ಪುಸ್ತಕಗಳೂ ಅವನ ಸಂಗಡ ಧಾರವಾಡದ ಕಾಲೇಜಿಗೆ ಹೋಗುತ್ತವೆ, ನಾನು ಮಾತ್ರ ಇಲ್ಲೇ…