ನಲವತ್ತಕ್ಕೆ ಒಂಬತ್ತು ದಿನ ಮುಂಚೆ

ಸಂಜಯನಗರ, ಬೆಂಗಳೂರು
೩ ಆಗಸ್ಟ್ ೨೦೨೫, ಭಾನುವಾರ

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಪುಣೆಯಲ್ಲಿ ಮಳೆ ಹಿಡಿದಿದೆಯಂತೆ. ಅಡುಗೆಮನೆಯಲ್ಲಿ ಬರಿಗಾಲಲ್ಲಿ ನಿಲ್ಲಬೇಡ, ಚಪ್ಪಲಿ ಹಾಕಿಕೋ. ನೀನು ಅಡುಗೆ ಕೆಲಸ ಮಾಡುವ ಆ ಮನೆಯವರು ಬೇಡವೆನ್ನಲಾರರು. ಇಲ್ಲಿ ನಾನೂ ನಮ್ಮ ಯಜಮಾನರು ಭೀಮರಾಜರೂ ಚೆನ್ನಾಗಿದ್ದೇವೆ. ಹೊಂಗೆ ಮರದ ಕೆಳಗಿನ ನಮ್ಮ ಇಸ್ತ್ರಿ ಗಾಡಿಯೂ ಚೆನ್ನಾಗಿದೆ. ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ತಡೆಯುತ್ತೀಯ, ಅದಕ್ಕೇ ಈ ಕಾಗದ.

ಜೂನ್ ತಿಂಗಳಲ್ಲಿ ನಮ್ಮ ಗಿರಾಕಿಯೊಬ್ಬರು, ನಿವೃತ್ತರಾದ ರಘುನಾಥ್ ಮೇಷ್ಟ್ರು, ಷರ್ಟು ಕೊಡಲು ಬಂದವರು ಕೇಳಿದರು, "ವೇದವತಿ, ನಿನ್ ಕೈ ಸೋತ್ ಮೇಲೆ ಏನ್ ಮಾಡ್ತೀಯಮ್ಮ?" ನಾನು ನಕ್ಕೆ. ಅವರು ನಗಲಿಲ್ಲ. ನಮ್ಮಂಥ ಸ್ವಂತ ದುಡಿಮೆಯವರಿಗೂ ಅಟಲ್ ಪಿಂಚಣಿ ಅಂತ ಇದೆ, ನಲವತ್ತು ತುಂಬುವುದರೊಳಗೆ ಸೇರಬೇಕು, ಅರವತ್ತರವರೆಗೆ ತಿಂಗಳು ತಿಂಗಳು ಕಟ್ಟಬೇಕು, ಆಮೇಲೆ ಸಾಯುವ ತನಕ ತಿಂಗಳಿಗೆ ಐದು ಸಾವಿರ ಬರುತ್ತದೆ ಎಂದರು. ಅವತ್ತೇ ಬ್ಯಾಂಕಿಗೆ ಓಡಿದೆ. ಅಲ್ಲಿ ಶೀತಲ್ ಅಂತ ಒಬ್ಬ ಹುಡುಗಿ, ಕನ್ನಡ ಈಗೀಗ ಕಲಿಯುತ್ತಿದ್ದಾಳೆ, ನನ್ನ ಆಧಾರ್ ನೋಡಿ ಮುಖ ಸಣ್ಣದು ಮಾಡಿಕೊಂಡಳು. "ಆಂಟಿ, ನಿಮ್ಗೆ ನಲವತ್ತೊಂದು ಆಗಿದೆ, ಆಗಲ್ಲ." ತಪ್ಪು ನನ್ನದೇ ಅಕ್ಕ. ಆಧಾರ್ ಮಾಡಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದೆ ಅಂದಾಜಿನಲ್ಲಿ ಎಂಬತ್ನಾಲ್ಕು, ಜನವರಿ ಒಂದು ಎಂದು ಬರೆಸಿದ್ದೆ. ಅವತ್ತು ಮನೆಗೆ ಬಂದು ಊಟ ಸೇರಲಿಲ್ಲ. ಇವರು, "ಹೋಗ್ಲಿ ಬಿಡೇ, ನನ್ಗಂತೂ ನಲವತ್ತೈದಾಯ್ತು, ಇಬ್ರೂ ಒಂದೇ ದೋಣೀಲಿ ಇರೋಣ" ಎಂದು ಸಮಾಧಾನ ಮಾಡಿದರು. ನನಗೆ ಸಮಾಧಾನವಾಗಲಿಲ್ಲ.

ಮಾರನೇ ವಾರ ಹೆಸರಘಟ್ಟದ ನಮ್ಮ ಶಾಲೆಗೆ ಹೋದೆ. ಜವಾನ ಬ್ಯಾಟರಾಯಪ್ಪ ನಿನಗೆ ನೆನಪಿರಬೇಕು. ರಿಟೈರ್ ಆಗಿ ಎಷ್ಟೋ ವರ್ಷವಾದರೂ ದಿನಾ ಬಂದು ಗಿಡಗಳಿಗೆ ನೀರು ಹಾಕುತ್ತಾನೆ. ಹೆಡ್‌ಮೇಡಂ ಬೀರುವಿನಿಂದ ಹಳೇ ದಾಖಲಾತಿ ಪುಸ್ತಕ ತೆಗೆಸಿದರು. ನನ್ನ ಹೆಸರಿನ ಮುಂದೆ ೧೨ ಆಗಸ್ಟ್ ೧೯೮೫ ಎಂದಿತ್ತು. ಪೋಷಕರ ಸಹಿ ಇರಬೇಕಾದ ಕಡೆ ಸೊಟ್ಟ ಅಕ್ಷರದಲ್ಲಿ 'ಚಿಕ್ಕತಾಯಿ' ಎಂದು ನಿನ್ನ ಹೆಸರಿತ್ತು. ಬ್ಯಾಟರಾಯಪ್ಪ ಇಣುಕಿ ನೋಡಿ, "ನಿಮ್ಮಪ್ಪ ಎಲ್ಲವ್ವಾ ಬಂದಿದ್ದ? ನಿಮ್ಮಕ್ಕನೇ ನಿನ್ನ ಎಳ್ಕಂಡ್ ಬಂದಿದ್ದು. ನನ್ ತಂಗಿ ಬಾವುಟ ಆರ್ಸೋಕೆ ಮೂರ್ ದಿನ ಮುಂಚೆ ಉಟ್ಟಿದ್ದು, ಬಾವುಟದ್ ದಿನ ಬಾಣ್ತಿ ನೋಡ್ಕಂಡು ನಂಗೆ ಮಿಠಾಯಿ ತಪ್ಪೋಯ್ತು ಅಂತ ಮೇಷ್ಟ್ರುಗೆ ಗಟ್ಯಾಗ್ ಏಳಿದ್ಲು" ಎಂದ. ನನ್ನನ್ನು ಸೇರಿಸಿದ ವರ್ಷವೇ ನೀನು ಶಾಲೆ ಬಿಟ್ಟೆಯೆಂದು ನಿನ್ನ ಹೆಸರಿಗೆ ಕೆಂಪು ಗೆರೆ ಎಳೆದಿದ್ದರು, ಅದನ್ನೂ ನೋಡಿದೆ. ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಮೇಡಂ ನೀರು ಕೊಟ್ಟರು.

ಶಾಲೆಯ ಪತ್ರ ಹಿಡಿದು ಆಧಾರ್ ತಿದ್ದಿಸಲು ಒಂದೂವರೆ ತಿಂಗಳು ಅಲೆದೆ. ಮೊನ್ನೆ ಶುಕ್ರವಾರ ಹೊಸ ಕಾರ್ಡು ತೋರಿಸಿದಾಗ ಶೀತಲ್ ಕುರ್ಚಿಯಿಂದ ಎದ್ದೇಬಿಟ್ಟಳು. ಸೇರಿಯಾಯಿತು ಅಕ್ಕ! ಕೆಲಸ ಏನು ಅಂತ ಕೇಳಿದ ಕಡೆ 'ಸ್ವಂತ ಉದ್ಯೋಗ' ಎಂದು ನಾನೇ ಬರೆದೆ. ನಿನ್ನೆ ರಘುನಾಥ್ ಮೇಷ್ಟ್ರ ಬಟ್ಟೆಗೆ ದುಡ್ಡು ಬೇಡ ಎಂದರೆ ಬೈದು ಕೊಟ್ಟು ಹೋದರು. ಮನಸ್ಸು ಹಗುರವಾಗಿದೆ.

ಇವರ ನಮಸ್ಕಾರ. ನಿನ್ನ ಆಶೀರ್ವಾದ ನಮ್ಮಿಬ್ಬರ ಮೇಲಿರಲಿ.

ನಿನ್ನ ತಂಗಿ,
ವೇದವತಿ

ಮರೆತೆ: ನಲವತ್ತು ದಾಟಿದವರಿಗೆ ಎನ್‌ಪಿಎಸ್ ಅಂತ ಇನ್ನೊಂದು ಪಿಂಚಣಿ ಇದೆಯಂತೆ. ಇವರು ಸೇರುತ್ತಾರೆ, ನೀನೂ ಸೇರಬೇಕು. ನಿನ್ನ ಅರ್ಜಿ ತಂದಿಟ್ಟಿದ್ದೇನೆ, ಮೊದಲ ಕಂತು ನನ್ನದು. ಗೌರಿ ಹಬ್ಬಕ್ಕೆ ಆಧಾರ್ ತೆಗೆದುಕೊಂಡು ಬಾ. ಅರವತ್ತಕ್ಕೆ ನಮ್ಮಕ್ಕ ಪುಣೆಯ ಕೆಲಸ ಬಿಟ್ಟು ಇಲ್ಲಿಗೇ ಬರುತ್ತಾಳೆ ಅಂತ ಶೀತಲ್‌ಗೆ ಹೇಳಿಯೂ ಬಿಟ್ಟಿದ್ದೇನೆ. ಬೇಡ ಅನ್ನಬೇಡ.